ಮೇಷ್ಟ್ರ ಪೆಟ್ಟಿಗೆ: ಉಳಿದ ಕಾಗದ, ಒಲೆಗೆ ಹೋದ ಕಾಗದ

(ಬೆಳೆಗಾರ ಸದಸ್ಯರೊಬ್ಬರ ಲೇಖನ)

ನಮ್ಮ ಸದಸ್ಯ ಬಾಂಧವರ ಪೈಕಿ ಹೆಚ್ಚಿನವರ ಮನೆಯ ಅಟ್ಟದಲ್ಲಿ ಒಂದು ಹಳೆಯ ತಗಡಿನ ಟ್ರಂಕು ಇದ್ದೇ ಇರುತ್ತದೆ. ಅಜ್ಜನ ಕಾಲದ ಕಂದಾಯದ ರಸೀದಿ, ಜಾತಕ, ಮದುವೆಯ ಕರೆಯೋಲೆ, ಸೊಸೈಟಿಯ ಷೇರು ಪತ್ರ ಎಲ್ಲವೂ ಒಂದೇ ಗಂಟಿನಲ್ಲಿ ಕೂಡಿಕೊಂಡಿರುತ್ತವೆ. ಸುಗ್ಗಿ ಬಂದಾಗ ಅಡಕೆ ಚೀಲ ಇಡಲು ಜಾಗ ಸಾಲದೆ ಆ ಟ್ರಂಕನ್ನು ಆಚೆಗೊಮ್ಮೆ ಈಚೆಗೊಮ್ಮೆ ಸರಿಸುತ್ತೇವೆ. ಮುಚ್ಚಳ ತೆಗೆದು ನೋಡುವಷ್ಟು ವ್ಯವಧಾನ ಯಾರಿಗೂ ಇಲ್ಲ. ಕಡೆಗೊಂದು ದಿನ ಮನೆ ರಿಪೇರಿಯೋ ಹಿಸ್ಸೆಯೋ ಬಂದಾಗ “ಈ ಕಸ ಯಾಕೆ?” ಎಂದು ಯಾರಾದರೊಬ್ಬರು ಕೇಳುತ್ತಾರೆ. ಅಲ್ಲಿಗೆ ಅದರ ಆಯುಷ್ಯ ಮುಗಿಯಿತು.

ನಾನು ಈಗ ಬರೆಯಹೊರಟಿರುವುದು ಅಂಥ ಎರಡು ಪೆಟ್ಟಿಗೆಗಳ ಸಂಗತಿ. ಎರಡೂ ನಮ್ಮೂರ ಪ್ರಾಥಮಿಕ ಶಾಲೆಯ ಮೇಷ್ಟ್ರವು. ಒಂದರಲ್ಲಿದ್ದ ಕಾಗದ ನಮ್ಮ ಮನೆತನದ ಜಮೀನನ್ನು ಉಳಿಸಿಕೊಟ್ಟಿತು. ಇನ್ನೊಂದರಲ್ಲಿದ್ದ ಕಾಗದವನ್ನು ನಾನೇ ನನ್ನ ಕೈಯಾರೆ ಬಚ್ಚಲೊಲೆಗೆ ಹಾಕಿದೆ. ಮೊದಲನೆಯದನ್ನು ಹೇಳಲು ಹೆಮ್ಮೆಯಾಗುತ್ತದೆ. ಎರಡನೆಯದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಎರಡನ್ನೂ ಹೇಳದಿದ್ದರೆ ಈ ಲೇಖನದಿಂದ ಯಾರಿಗೂ ಪ್ರಯೋಜನವಿಲ್ಲ. ಮೇಷ್ಟ್ರ ಮನೆಯವರ ಇಚ್ಛೆಯಂತೆ ಅವರ ಹೆಸರನ್ನು ಬರೆಯುತ್ತಿಲ್ಲ. ನಮ್ಮೂರಿನ ಮಟ್ಟಿಗೆ ಮೇಷ್ಟ್ರು ಎಂದರೆ ಅವರೊಬ್ಬರೇ.

ಪಾಠಕ್ಕಿಂತ ಬರಹವೇ ಹೆಚ್ಚು

ಈಗಿನ ಹುಡುಗರಿಗೆ ನಂಬುವುದು ಕಷ್ಟ. ಆ ಕಾಲದಲ್ಲಿ ನಮ್ಮ ಹದಿನೆಂಟು ಮನೆಯ ಊರಿನಲ್ಲಿ ಓದು ಬರಹ ಬಲ್ಲವರು ನಾಲ್ಕೈದು ಜನ. ಹಾಗಾಗಿ ಶಾಲೆಯ ಮೇಷ್ಟ್ರು ಬರೀ ಮೇಷ್ಟ್ರಾಗಿ ಉಳಿಯಲು ಸಾಧ್ಯವೇ ಇರಲಿಲ್ಲ. ಶಾಲೆಯ ಮೂಲೆಯಲ್ಲೇ ಅಂಚೆ ಪೆಟ್ಟಿಗೆ. ಹೀಗಾಗಿ ಅವರೇ ಪೋಸ್ಟ್ ಮಾಸ್ತರರು. ಪತ್ತಿನ ಸೊಸೈಟಿಗೆ ಅವರೇ ಗೌರವ ಕಾರ್ಯದರ್ಶಿ. ದೇವಸ್ಥಾನದ ಲೆಕ್ಕ ಅವರದು, ನ್ಯಾಯ ಪಂಚಾಯ್ತಿಯ ಮಾತೂ ಅವರದೇ. ಘಟ್ಟದ ಕೆಳಗೆ ಮದುವೆಯಾಗಿ ಹೋದ ಮಗಳಿಗೆ ತಾಯಿಯ ಪತ್ರ ಬರೆಯುವವರೂ, ಮಗಳ ಪತ್ರ ಬಂದಾಗ ತಾಯಿಗೆ ಓದಿ ಹೇಳುವವರೂ ಅವರೇ.

ಇದು ನಮ್ಮೂರಿನದೊಂದೇ ಕಥೆಯಲ್ಲ. ಸಹಕಾರ ಚಳವಳಿಯ ಇತಿಹಾಸವನ್ನು ನೋಡಿದರೆ ಇದರ ಕಾರಣ ತಿಳಿಯುತ್ತದೆ. 1904ರಲ್ಲಿ ಪತ್ತಿನ ಸಹಕಾರ ಸಂಘಗಳ ಕಾಯಿದೆ ಬಂತು. ಮರುವರ್ಷ, 1905ರಲ್ಲಿ, ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ಅದೇ ವರ್ಷ ಮೈಸೂರು ಸಂಸ್ಥಾನದಲ್ಲೂ ಸಹಕಾರ ಸಂಘಗಳ ಕಾನೂನು ಜಾರಿಯಾಯಿತು. ಕಾನೂನು ಬಂದರೆ ಸಾಕೆ? ಹಳ್ಳಿಯಲ್ಲಿ ಸಂಘ ಕಟ್ಟಲು ನಂಬಿಕೆ ಬೇಕು, ನಂಬಿಕೆ ಉಳಿಯಲು ಲೆಕ್ಕ ಬೇಕು, ಲೆಕ್ಕ ಬರೆಯಲು ಅಕ್ಷರ ಬಲ್ಲ ಒಬ್ಬ ನಿಸ್ಪೃಹ ಮನುಷ್ಯ ಬೇಕು. ಅನೇಕ ಊರುಗಳಲ್ಲಿ ಆ ಮನುಷ್ಯ ಶಾಲೆಯ ಮೇಷ್ಟ್ರೇ ಆಗಿದ್ದರು. ಇಂದು ನಾವು ಕಂಪ್ಯೂಟರಿನಲ್ಲಿ ನೋಡುವ ಸಾಲದ ಖಾತೆಗೆ ಮೂಲಪುರುಷರು, ಚಿಮಣಿ ಬೆಳಕಿನಲ್ಲಿ ಕಡತಕ್ಕೆ ಗೆರೆ ಎಳೆದ ಇಂಥ ಮೇಷ್ಟ್ರುಗಳು.

ಹೀಗಾಗಿ ಮೇಷ್ಟ್ರ ಮನೆಯಲ್ಲಿ ಕಾಗದ ಬೆಳೆಯುತ್ತ ಹೋಯಿತು. ವಿಚಿತ್ರವೇನೆಂದರೆ, ಅವರ ಸ್ವಂತ ಕಾಗದವೆಂಬುದರಲ್ಲಿ ಅವರ ಸ್ವಂತದ್ದು ಬಹಳ ಕಡಿಮೆ. ದಿನಚರಿಯಲ್ಲಿ ತಮ್ಮ ಬಗ್ಗೆ ಒಂದು ಸಾಲು ಬರೆದುಕೊಂಡವರಲ್ಲ. ಎಲ್ಲವೂ ಊರವರದು.

ಗೇಣಿಯ ಪುಸ್ತಕ

ನಮ್ಮ ತಂದೆಯವರು ಗೇಣಿದಾರರು. ಒಂದಿಷ್ಟು ಗದ್ದೆ, ಅದಕ್ಕೆ ತಾಗಿ ಅಡಕೆ ತೋಟ. ವರ್ಷ ವರ್ಷವೂ ಗದ್ದೆಯ ಬಾಬ್ತು ಭತ್ತವನ್ನೂ ತೋಟದ ಬಾಬ್ತು ಅಡಕೆಯನ್ನೂ ಒಡೆಯರ ಮನೆಗೆ ಹೊತ್ತು ಹಾಕುತ್ತಿದ್ದರು. ಒಡೆಯರ ಕಡೆಯಿಂದ ಒಂದು ಚೀಟಿಯೂ ಬರುತ್ತಿರಲಿಲ್ಲ. ಕೇಳುವ ಧೈರ್ಯ ತಂದೆಯವರಿಗೂ ಇರಲಿಲ್ಲ. ಕೇಳಿದರೆ ಬರುವ ವರ್ಷ ಜಮೀನು ಇನ್ನೊಬ್ಬರ ಪಾಲಾದೀತೆಂಬ ಭಯ.

ಗೇಣಿ ಒಪ್ಪಿಸಿ ಬರುವಾಗ ದಾರಿಯಲ್ಲೇ ಶಾಲೆ. ಮೇಷ್ಟ್ರು ಜಗುಲಿಯಲ್ಲಿ ಕೂರಿಸಿ ಕೇಳುತ್ತಿದ್ದರು: “ಏನಯ್ಯ, ಎಷ್ಟು ಅಳೆದೆ? ಹೊತ್ತವರು ಯಾರು?” ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ತಾರೀಖು, ಭತ್ತ ಎಷ್ಟು, ಅಡಕೆ ಎಷ್ಟು, ಹೊರೆ ಹೊತ್ತವನ ಹೆಸರು ಬರೆದು ತಂದೆಯವರ ಹೆಬ್ಬೆಟ್ಟನ್ನೂ, ಹೊತ್ತವನ ಹೆಬ್ಬೆಟ್ಟನ್ನೂ ಒತ್ತಿಸಿಕೊಳ್ಳುತ್ತಿದ್ದರು. ನಮ್ಮದೊಂದೇ ಅಲ್ಲ, ಊರಿನ ಏಳು ಗೇಣಿ ಒಕ್ಕಲುಗಳದ್ದೂ ಹೀಗೆಯೇ. ತಂದೆಯವರು ಇದನ್ನು ಮೇಷ್ಟ್ರ ಒಂದು ಖಯಾಲಿ ಎಂದೇ ತಿಳಿದಿದ್ದರು. ಹೆಬ್ಬೆಟ್ಟಿನ ಮಸಿಯನ್ನು ಪಂಚೆಗೆ ಒರೆಸಿಕೊಂಡು ಮನೆಗೆ ಬಂದು ನಗುತ್ತಿದ್ದರು.

ಆಮೇಲೆ ಶ್ರೀ ಡಿ. ದೇವರಾಜ ಅರಸರ ಸರ್ಕಾರದ ಕಾಲದಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯಿದೆ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನುಗಳು ಸರ್ಕಾರಕ್ಕೆ ಸೇರಿದವು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ, ತಾನೇ ಗೇಣಿದಾರನೆಂದು ಭೂನ್ಯಾಯಮಂಡಲಿಯ ಮುಂದೆ ತೋರಿಸಿಕೊಟ್ಟರೆ ಅವನಿಗೆ ಅಧಿಭೋಗದ ಹಕ್ಕು. ಅರ್ಜಿಗೆ ಕೊಟ್ಟ ಕೊನೆಯ ಗಡುವು 1979ರ ಜೂನ್ 30. ಕಾನೂನು ನಮ್ಮ ಪರವಾಗಿತ್ತು, ಸರಿ. ಆದರೆ ತೋರಿಸಿಕೊಡುವುದು ಹೇಗೆ? ಪಹಣಿಯಲ್ಲಿ ಒಡೆಯರ ಸ್ವಂತ ಸಾಗುವಳಿ ಎಂದೇ ಬರೆದಿತ್ತು. ಅವರ ಕಡೆಯವರ ವಾದ ಇಷ್ಟೇ: “ಇವನು ಗೇಣಿದಾರನಲ್ಲ, ನಮ್ಮ ಕೂಲಿಯಾಳು.”

ಮೇಷ್ಟ್ರು ಆಗ ನಿವೃತ್ತರಾಗಿದ್ದರು. ಒಡೆಯರ ಮನೆಯವರು ಅವರಿಗೆ ಬೇಡವಾದವರಲ್ಲ. ಶಾಲೆಗೆ ಮರಮಟ್ಟು ಕೊಟ್ಟವರೇ ಆ ಒಡೆಯರು. ಹಬ್ಬದ ದಿನ ಮೇಷ್ಟ್ರಿಗೆ ಅಲ್ಲಿಯೇ ಊಟ. ಆದರೂ ಹೇಳಿಕೆ ಬಂದ ದಿನ ಪುಸ್ತಕವನ್ನು ಪಂಚೆಯ ತುಂಡಿನಲ್ಲಿ ಸುತ್ತಿ, ಕೊಡೆಯನ್ನು ಕಂಕುಳಲ್ಲಿಟ್ಟು, ಆರು ಮೈಲಿ ನಡೆದು ತಾಲ್ಲೂಕು ಕಚೇರಿಗೆ ಬಂದರು. ನಾನು ಆಗ ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿದ್ದೆ. ತಂದೆಯವರ ಜೊತೆ ಹೋಗಿದ್ದೆ.

ಅಲ್ಲಿ ನಡೆದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಪುಸ್ತಕವನ್ನು ತಿರುವುತ್ತಿದ್ದಾಗ ಒಂದು ವರ್ಷದ ಪುಟದಲ್ಲಿ “ಅಡಕೆ ಎರಡು ಮಣ ಕಡಿಮೆ ಒಪ್ಪಿಸಿದ್ದಾನೆ. ಕೊಳೆರೋಗದ ದೆಸೆಯಿಂದ ಎನ್ನುತ್ತಾನೆ. ಬಾಕಿ ನಿಂತಿದೆ” ಎಂದು ಬರೆದಿತ್ತು. ತಂದೆಯವರ ಮುಖ ಕಪ್ಪಿಟ್ಟಿತು. ನಮ್ಮ ಪರವಾಗಿ ಬಂದವರೇ ನಮ್ಮ ಬಾಕಿಯನ್ನು ಬರೆದಿಟ್ಟಿದ್ದರಲ್ಲ! ಒಡೆಯರ ಕಡೆಯವರು ಅದನ್ನೇ ಹಿಡಿದುಕೊಂಡು, “ನೋಡಿ ಸ್ವಾಮಿ, ಇವನ ಬಾಕಿ ಇನ್ನೂ ಸಂದಿಲ್ಲ” ಎಂದರು. ಮಂಡಲಿಯಲ್ಲಿದ್ದ ಸದಸ್ಯರೊಬ್ಬರು ತಲೆಯೆತ್ತಿ ಕೇಳಿದರು: “ಕೂಲಿಯಾಳಿಗೆ ಗೇಣಿ ಬಾಕಿ ಎಲ್ಲಿಂದ ಬಂತು?”

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ.

ಆ ಪುಸ್ತಕ ಒಂದರಿಂದಲೇ ತೀರ್ಮಾನವಾಯಿತೆಂದು ನಾನು ಹೇಳುವುದಿಲ್ಲ. ಸ್ಥಳ ತನಿಖೆಯಾಯಿತು, ಹೊರೆ ಹೊತ್ತವರ ಸಾಕ್ಷಿಯಾಯಿತು. ಆದರೆ ನಮಗೆ ಬೇಕಾದುದನ್ನೂ ಬೇಡವಾದುದನ್ನೂ ಒಂದೇ ಕೈಯಿಂದ ಬರೆದಿದ್ದ ಪುಸ್ತಕವಾದುದರಿಂದ ಅದನ್ನು ಕಟ್ಟುಕಥೆ ಎನ್ನಲು ಯಾರಿಗೂ ಬಾಯಿ ಬರಲಿಲ್ಲ. ನಮಗೆ ಹಕ್ಕು ಸಿಕ್ಕಿತು. ಇಂದು ನಾನು ಈ ಸಂಘದ ಸದಸ್ಯನಾಗಿ ಅಡಕೆ ಹಾಕುತ್ತಿರುವುದು ಆ ತೋಟದ್ದೇ. ಮೇಷ್ಟ್ರಿಗೆ ಮಾತ್ರ ಆ ವರ್ಷದಿಂದ ಒಡೆಯರ ಮನೆಯ ಹಬ್ಬದ ಊಟ ನಿಂತಿತು. ಆ ವಿಷಯವನ್ನು ಅವರು ಒಂದು ದಿನವೂ ಎತ್ತಿದವರಲ್ಲ.

ತೋಟದ ಟಿಪ್ಪಣಿಗಳು

ಮೇಷ್ಟ್ರು ತೀರಿಕೊಂಡ ಮೇಲೆ, ಅವರ ಪತ್ನಿಯವರೂ ಹೋದ ಮೇಲೆ, ಬೆಂಗಳೂರಿನಲ್ಲಿ ನೆಲೆಸಿದ್ದ ಮಗ ಊರ ಮನೆಯನ್ನು ಮಾರಿದರು. ಹೋಗುವಾಗ ನನ್ನನ್ನು ಕರೆದು, “ಇವು ಊರಿನವು, ನಿಮ್ಮಲ್ಲೇ ಇರಲಿ” ಎಂದು ಒಂದು ತಗಡಿನ ಟ್ರಂಕು, ಒಂದು ಮರದ ಪೆಟ್ಟಿಗೆ ಕೊಟ್ಟರು. ಗೇಣಿಯ ಪುಸ್ತಕ ಟ್ರಂಕಿನಲ್ಲಿತ್ತು. ಅದರ ಕೆಳಗೆ ಒಂದು ಕಟ್ಟು ತೋಟಗಾರಿಕೆಯ ಟಿಪ್ಪಣಿಗಳು. ಬೆಳೆಗಾರರಾದ ನಮಗೆ ಇವು ಬಹಳ ರುಚಿಸುವಂಥವು.

ಮೇಷ್ಟ್ರಿಗೆ ಸ್ವಂತದ್ದೆಂದರೆ ಮನೆಯ ಹಿಂದೆ ಅರ್ಧ ಎಕರೆ ಅಡಕೆ, ಅದರ ಅಂಚಿನಲ್ಲಿ ಒಂದಿಷ್ಟು ಕಾಫಿ ಗಿಡ. ಆದರೂ ಹೂಮಳೆ ಯಾವ ದಿನ ಬಿತ್ತು, ಬ್ಯಾಕಿಂಗ್ ಮಳೆ ಎಷ್ಟು ದಿನಕ್ಕೆ ಬಂತು, ಮೃಗಶಿರ ಹಿಡಿಯಿತೆ, ಆರ್ದ್ರ ಬಿಟ್ಟಿತೆ, ಪುನರ್ವಸುವಿನಲ್ಲಿ ಎಷ್ಟು ಬಿಸಿಲು ಸಿಕ್ಕಿತು ಎಂದು ವರ್ಷ ವರ್ಷವೂ ಬರೆದಿಟ್ಟಿದ್ದಾರೆ. ಹೂಮಳೆ ಬಿದ್ದು ಎರಡು ಮೂರು ವಾರದೊಳಗೆ ಇನ್ನೊಂದು ಮಳೆ ಬಾರದಿದ್ದರೆ ರೊಬಸ್ಟಾ ಕಾಯಿ ಕಚ್ಚುವುದು ಹೇಗೆ ತಗ್ಗುತ್ತದೆಂಬುದು ನಮಗೆಲ್ಲ ಗೊತ್ತು. ಮಳೆಯ ಲೆಕ್ಕ ತಪ್ಪುತ್ತಿರುವ ಈ ದಿನಗಳಲ್ಲಿ “ಮೊದಲೂ ಹೀಗೇ ಇತ್ತೆ?” ಎಂಬ ಪ್ರಶ್ನೆ ಬಂದರೆ, ನಮ್ಮೂರಿನ ಮಟ್ಟಿಗೆ ಉತ್ತರ ಹೇಳಬಲ್ಲದ್ದು ಆ ಕಟ್ಟು ಒಂದೇ.

ಇನ್ನೊಂದು ಹಾಳೆಯಲ್ಲಿ ಬೋರ್ಡೋ ದ್ರಾವಣದ ಪಾಕವಿದೆ: 5 ಪೌಂಡು ಮೈಲುತುತ್ತು, 5 ಪೌಂಡು ಸುಣ್ಣ, 50 ಗ್ಯಾಲನ್ ನೀರು. ಲೆಕ್ಕ ಹಾಕಿ ನೋಡಿದರೆ ಇದು ಇಂದು ನಾವು ಬಳಸುವ ಶೇಕಡ 1ರ ದ್ರಾವಣವೇ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಪಕ್ಕದಲ್ಲೇ ಎಚ್ಚರಿಕೆ: ಲೋಹದ ಪಾತ್ರೆ ಕೂಡದು, ಮರದ ಪೀಪಾಯಿಯೇ ಆಗಬೇಕು. ದ್ರಾವಣದಲ್ಲಿ ಉಜ್ಜಿದ ಚೂರಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಕೂತರೆ ತುತ್ತದ ಅಂಶ ಹೆಚ್ಚಾಗಿದೆ, ಇನ್ನಷ್ಟು ಸುಣ್ಣದ ನೀರು ಸೇರಿಸಬೇಕು. ಕೆನಡಾದಿಂದ 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾ. ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಕೊಳೆರೋಗವನ್ನು ಅಭ್ಯಾಸ ಮಾಡಿ ಈ ಔಷಧವನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ಗೊನೆಗೆ ಕೊಟ್ಟೆ ಕಟ್ಟುವುದೊಂದೇ ಉಪಾಯವಾಗಿತ್ತು. ವಿಜ್ಞಾನಿ ಕಂಡುಹಿಡಿದದ್ದು ನಮ್ಮ ತೋಟದ ಬುಡದವರೆಗೆ ಬಂದದ್ದು ಮೇಷ್ಟ್ರಂಥವರ ಕೈಬರಹದ ಹಾಳೆಗಳ ಮೂಲಕ. ಅದರ ಅಂಚಿನಲ್ಲಿ ಔಷಧ ಹೊಡೆದ ಮನೆಗಳಿಗೆ ಒಂದು ಗುರುತು, ಹೊಡೆಯದ ಮನೆಗಳಿಗೆ ಇನ್ನೊಂದು ಗುರುತು. ನಮ್ಮ ತಂದೆಯವರ ಹೆಸರಿನ ಮುಂದೆ ಎರಡನೆಯ ಗುರುತೇ ಇದೆ. ಆ ಎರಡು ಮಣ ಬಾಕಿ ಯಾಕೆ ಬಂತೆಂದು ನನಗೆ ಆಗ ತಿಳಿಯಿತು.

ಪೇಟೆಯ ಧಾರಣೆಯ ಚೀಟಿಗಳೂ ಇವೆ. 1970-71ರಲ್ಲಿ ಅಡಕೆ ಧಾರಣೆ ಕುಸಿದು ಬೆಳೆಗಾರ ಕಂಗಾಲಾದಾಗಿನ ಪತ್ರಿಕೆಯ ತುಣುಕುಗಳು, ಆ ಸಂಕಟದಿಂದಲೇ ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ 1973ರಲ್ಲಿ ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದಾಗಿನ ವರದಿ, ಕಾಫಿಯನ್ನೆಲ್ಲ ಬೋರ್ಡಿನ ಪೂಲಿಗೇ ಹಾಕಿ ಕಂತುಕಂತಾಗಿ ಹಣಕ್ಕೆ ಕಾಯುತ್ತಿದ್ದ ಕಾಲದ ರಸೀದಿಗಳು ಎಲ್ಲ ಅಲ್ಲಿವೆ. ಆ ಪೂಲ್ ಪದ್ಧತಿ 1996ರಲ್ಲಿ ಮುಗಿದುಹೋಯಿತು. ಈಗ ಬೆಳೆಗಾರನೇ ಪೇಟೆ ನೋಡಿ ಮಾರುತ್ತಾನೆ. ಆದರೆ ಆಗಿನ ಕಷ್ಟವೇನು, ಅನುಕೂಲವೇನು ಎಂದು ಚರ್ಚೆ ಬಂದಾಗ ನಾವು ಆಡುವುದೆಲ್ಲ ನೆನಪಿನ ಮಾತು. ನೆನಪು ಪ್ರತಿಯೊಬ್ಬನಿಗೂ ತನಗೆ ಬೇಕಾದಂತೆಯೇ ಇರುತ್ತದೆ.

ಒಲೆಗೆ ಹೋದದ್ದು

ಇನ್ನು ಮರದ ಪೆಟ್ಟಿಗೆಯ ಮಾತು. ಅದಕ್ಕೆ ತಳದಲ್ಲಿ ಗೆದ್ದಲು ಹತ್ತಿತ್ತು. ಒಂದು ಬದಿ ನೆನೆದು ಬೂಷ್ಟು ಹಿಡಿದಿತ್ತು. ಮೇಲಿನ ಹಾಳೆಗಳು ಮಾತ್ರ ಚೆನ್ನಾಗಿದ್ದವು. ಅದನ್ನು ಟ್ರಂಕಿನ ಪಕ್ಕದಲ್ಲಿಟ್ಟರೆ ಗೆದ್ದಲು ಹರಡೀತೆಂದು ಬಚ್ಚಲು ಮನೆಯ ಕೊಟ್ಟಿಗೆಯಲ್ಲಿಟ್ಟೆ. ಬೇಸಿಗೆಯಲ್ಲಿ ಬಿಡಿಸಿ ನೋಡೋಣ ಎಂದುಕೊಂಡೆ.

ಬೇಸಿಗೆ ಬರುವ ಮೊದಲು ಮಳೆಗಾಲ ಬಂತು. ಆ ವರ್ಷ ಆಷಾಢದಲ್ಲಿ ಹತ್ತು ಹದಿನೈದು ದಿನ ಸೂರ್ಯನ ಮುಖ ಕಾಣಲಿಲ್ಲ. ಸೌದೆಯೆಲ್ಲ ಹಸಿ, ಅಡಕೆ ಸಿಪ್ಪೆಯೂ ಹಸಿ. ಹಂಡೆಯ ಒಲೆ ಹತ್ತಿಸಲು ದಿನಕ್ಕೆ ನಾಲ್ಕಾರು ಹಾಳೆ ಬೇಕಾಯಿತು. ಕೈಗೆ ಹತ್ತಿರವಿದ್ದದ್ದು ಆ ಪೆಟ್ಟಿಗೆ. ಹೇಗೂ ಗೆದ್ದಲು ತಿಂದದ್ದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಒಂದು ದಿನ ಒಂದು ದಪ್ಪ ಹಾಳೆ ಕೈಗೆ ಬಂತು. ಉದ್ದಕ್ಕೂ ಹೆಬ್ಬೆಟ್ಟಿನ ಗುರುತು, ನಡುನಡುವೆ ಎರಡು ಮೂರು ರುಜು. “ಹಳ್ಳದ ಕಟ್ಟಿನ ನೀರಿನ ಸರದಿ” ಎಂಬ ತಲೆಬರಹ ಓದಿದ ನೆನಪಿದೆ. ಒಳಗಿನದನ್ನು ಓದಲಿಲ್ಲ. ಹೊರಗೆ ಮಕ್ಕಳು ಸ್ನಾನಕ್ಕೆ ಅವಸರ ಮಾಡುತ್ತಿದ್ದರು. ಮಡಚಿ ಒಲೆಗಿಟ್ಟೆ.

ನಮ್ಮೂರ ಹಳ್ಳಕ್ಕೆ ಬೇಸಿಗೆಯಲ್ಲಿ ಮಣ್ಣು ಸೊಪ್ಪಿನ ಕಟ್ಟು ಹಾಕಿ ತೋಟಗಳಿಗೆ ನೀರು ತಿರುಗಿಸುವುದು ಹಿಂದಿನಿಂದ ಬಂದ ಪದ್ಧತಿ. ಯಾವ ಮನೆಗೆ ಯಾವ ವಾರ, ರಾತ್ರಿ ಯಾರಿಗೆ, ಹಗಲು ಯಾರಿಗೆ ಎಂಬ ಸರದಿ ಇತ್ತು. ಅದು ಹಾಗೆಯೇ ನಡೆಯುತ್ತಿತ್ತು. ಪಂಪುಗಳು ಬಂದ ಮೇಲೆ, ಮೇಲಿನ ಗುಡ್ಡದ ಕಾಫಿಗೂ ತುಂತುರು ನೀರಾವರಿ ಬಂದ ಮೇಲೆ, ಕೆಳಗಿನ ತೋಟಗಳಿಗೆ ನೀರು ಸಾಲದಾಯಿತು. ಕೆಲವು ವರ್ಷಗಳ ಹಿಂದೆ ಮೇಲಿನ ಮನೆಯವರಿಗೂ ಕೆಳಗಿನ ಮನೆಯವರಿಗೂ ಮಾತಿಗೆ ಮಾತು ಬೆಳೆಯಿತು. ಆಗ ಊರಿನ ಹಿರಿಯರೊಬ್ಬರು, “ಇದನ್ನೆಲ್ಲ ಮೇಷ್ಟ್ರು ಎಲ್ಲರನ್ನೂ ಕೂರಿಸಿ ಬರೆಸಿದ್ದಾರೆ. ನಾನೇ ಹೆಬ್ಬೆಟ್ಟು ಒತ್ತಿದ್ದೇನೆ. ಕಾಗದ ಇವನ ಮನೆಯಲ್ಲಿದೆ” ಎಂದು ಎಲ್ಲರನ್ನೂ ನಮ್ಮ ಜಗುಲಿಗೆ ಕರೆದುಕೊಂಡು ಬಂದರು.

ಮೇಲಿನ ಮನೆಯವರು ಕೆಟ್ಟವರಲ್ಲ. “ಮೇಷ್ಟ್ರ ಕೈಬರಹ ಇದ್ದರೆ ತೋರಿಸಿ ಅಣ್ಣಯ್ಯ. ಅದರಲ್ಲಿದ್ದಂತೆ ನಡೆದುಕೊಳ್ಳುತ್ತೇನೆ. ಎರಡು ಮಾತಿಲ್ಲ” ಎಂದರು. ನಾನು ಟ್ರಂಕು ಇಳಿಸಿ ಹುಡುಕಿದಂತೆ ಮಾಡಿದೆ. ಹುಡುಕುವುದೇನಿತ್ತು? ಕಡೆಗೆ ಇದ್ದ ಸಂಗತಿಯನ್ನು ಹೇಳಿಬಿಟ್ಟೆ. ಆ ಹಿರಿಯರು ನನ್ನನ್ನು ಬಯ್ಯಲಿಲ್ಲ. “ನಿಮ್ಮಪ್ಪನ ಜಮೀನು ಉಳಿದದ್ದು ಅವರ ಕಾಗದದಿಂದ ಅಲ್ಲವೇನಪ್ಪ” ಎಂದಷ್ಟೇ ಹೇಳಿ ಎದ್ದುಹೋದರು.

ವ್ಯಾಜ್ಯ ಕೋರ್ಟಿಗೆ ಹೋಯಿತು. ಇನ್ನೂ ನಡೆಯುತ್ತಿದೆ. ಆ ಹಿರಿಯರು ಈಗಿಲ್ಲ. ಎರಡು ಮನೆಯವರು ಒಬ್ಬರ ಮನೆಯ ಮದುವೆಗೆ ಒಬ್ಬರು ಹೋಗುವುದಿಲ್ಲ. ಬೇಸಿಗೆಯಲ್ಲಿ ಕೆಳಗಿನ ತೋಟದ ಸೋಗೆ ಹಳದಿಯಾಗುವುದನ್ನು ನಾನು ದಿನವೂ ನೋಡುತ್ತೇನೆ. ಒಂದು ಹಂಡೆ ಬಿಸಿನೀರಿಗೆ ಊರು ತೆತ್ತ ಬೆಲೆ ಇದು.

ಉಳಿಸಿದವರು ಇದ್ದಾರೆ

ಎಲ್ಲ ಕಡೆಯೂ ಹೀಗೆಯೇ ಆಗಿದೆ ಎಂದಲ್ಲ. ನಮ್ಮ ಅಡಕೆ ಸೀಮೆಯಲ್ಲೇ, ಕಾಸರಗೋಡಿನ ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳನ್ನು (1915-2015) ನೆನೆಯಬೇಕು. ಅವರು ಕವಿಗಳು, ಸ್ವಾತಂತ್ರ್ಯ ಹೋರಾಟಗಾರರು, ಕೃಷಿಕರು; ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದವರು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಅದು ಕನ್ನಡ ನಾಡಿಗೆ ಸೇರಬೇಕೆಂದು ಕಡೆಯವರೆಗೂ ಹೋರಾಡಿದರು. ಪಾಠ, ಪಂಚಾಯತಿ, ತೋಟ, ಹೋರಾಟ ಎಲ್ಲವನ್ನೂ ಕಂಡ ತಮ್ಮ ಬದುಕನ್ನು ಅವರು ‘ದುಡಿತವೇ ನನ್ನ ದೇವರು’ ಎಂಬ ಆತ್ಮಕಥೆಯಲ್ಲಿ ತಾವೇ ಬರೆದಿಟ್ಟರು. ಆದುದರಿಂದ ಅದು ಉಳಿಯಿತು. ಆದರೆ ಎಲ್ಲ ಮೇಷ್ಟ್ರುಗಳೂ ಆತ್ಮಕಥೆ ಬರೆಯುವುದಿಲ್ಲ. ಬರೆಯದವರದ್ದು ಪೆಟ್ಟಿಗೆಯಲ್ಲೇ ಉಳಿಯಬೇಕು.

ಕೊಡಗಿನಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರು (1875-1931) ಮೊದಲು ಉಪಾಧ್ಯಾಯರಾಗಿ, ಆಮೇಲೆ ಬೇರೆ ಸರ್ಕಾರಿ ನೌಕರಿಗಳಲ್ಲಿದ್ದವರು. ಬಾಯಿಂದ ಬಾಯಿಗೆ ಬಂದ ಕೊಡವರ ಹಾಡು, ನಡಾವಳಿಗಳನ್ನು ಕೇಳಿ ಬರೆದು ‘ಪಟ್ಟೋಲೆ ಪಳಮೆ’ ಎಂಬ ಗ್ರಂಥವನ್ನು 1924ರಲ್ಲಿ ಹೊರತಂದರು. ಬರೆದಿಟ್ಟುಕೊಂಡದ್ದನ್ನು ತಮ್ಮ ಕಾಲದಲ್ಲೇ ಅಚ್ಚು ಮಾಡಿಸಿದ್ದರಿಂದ ಅದು ಇಂದಿಗೂ ಜನರ ಕೈಯಲ್ಲಿದೆ. ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು 1963ರಲ್ಲಿ ತೀರಿಕೊಂಡ ಮೇಲೆ ಅವರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂತು. ಅಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೇ ಬೆಳೆಯಿತು. ಈ ಮೂರರಲ್ಲೂ ಕಾಣುವುದು ಒಂದೇ ಮಾತು: ಸಕಾಲದಲ್ಲಿ ಯಾರೋ ಒಬ್ಬರು “ಇದು ಕಸವಲ್ಲ” ಎಂದು ಹೇಳಿದರು.

ನಾವು ಮಾಡಬಹುದಾದದ್ದು

ಖರ್ಚಿಲ್ಲದೆ ಯಾವ ಬೆಳೆಗಾರನೂ ಮಾಡಬಹುದಾದ ಕೆಲವು ಕೆಲಸಗಳನ್ನು ನನ್ನ ಅನುಭವದಿಂದ ಕೆಳಗೆ ಕೊಟ್ಟಿದ್ದೇನೆ.

1. ಬೇಸಿಗೆಯ ಒಣ ಹವೆಯಲ್ಲೇ ಪೆಟ್ಟಿಗೆ ತೆರೆಯಿರಿ. ಕಾಗದವನ್ನು ಅಡಕೆಯಂತೆ ಅಂಗಳದ ಬಿಸಿಲಿಗೆ ಹರವಬೇಡಿ. ಬಿಸಿಲಿಗೆ ಮಸಿ ಮಾಸುತ್ತದೆ, ಹಾಳೆ ಗರಿಗರಿಯಾಗಿ ಮುರಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ಹರವಿ.

2. ಗುಂಡುಸೂಜಿ, ಕ್ಲಿಪ್ಪು, ರಬ್ಬರ್ ಬ್ಯಾಂಡುಗಳನ್ನು ತೆಗೆಯಿರಿ. ನಮ್ಮ ಹವೆಗೆ ಸೂಜಿ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತದೆ. ಬಿಳಿಯ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿದರೆ ಸಾಕು.

3. ಹರಿದ ಹಾಳೆಗೆ ಅಂಟು ಟೇಪು ಹಚ್ಚಬೇಡಿ. ವರ್ಷ ಕಳೆದಂತೆ ಅದು ಹಳದಿಯಾಗಿ ಅಕ್ಷರವನ್ನೇ ನುಂಗುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ಒಮ್ಮೆ ಮಾಡಿಸಿದರೆ ಬಿಡಿಸಲು ಬರುವುದಿಲ್ಲ.

4. ಗೆದ್ದಲು ತಿಂದದ್ದೆಂದು ಪೂರ್ತಿ ಎಸೆಯಬೇಡಿ. ತಿಂದ ಭಾಗವನ್ನು ಬೇರೆ ಮಾಡಿ, ಉಳಿದದ್ದನ್ನು ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ ಬೇರೆ ಪೆಟ್ಟಿಗೆಯಲ್ಲಿಡಿ. ಈ ಬುದ್ಧಿ ನನಗೆ ಆಗ ಇದ್ದಿದ್ದರೆ!

5. ಪೆಟ್ಟಿಗೆ ನೆಲಕ್ಕೂ ಗೋಡೆಗೂ ತಾಗದಂತೆ ಮಣೆಯ ಮೇಲಿರಲಿ. ತಿಂಗಳಿಗೊಮ್ಮೆ ಮುಚ್ಚಳ ತೆಗೆದು ನೋಡಿ. ಒಣಗಿದ ಬೇವಿನ ಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಇಡುವ ಹಳೆಯ ಪದ್ಧತಿ ಒಳ್ಳೆಯದು.

6. ಮನೆಯ ಮಕ್ಕಳ ಮೊಬೈಲಿನಲ್ಲಿ ಪ್ರತಿ ಹಾಳೆಯ ಎರಡೂ ಬದಿಯ ಚಿತ್ರ ತೆಗೆಸಿ, ಎರಡು ಬೇರೆ ಬೇರೆ ಜಾಗದಲ್ಲಿ ಇಡಿಸಿ. ಆದರೆ ಚಿತ್ರ ಇದೆ ಎಂದು ಮೂಲವನ್ನು ಎಸೆಯಬೇಡಿ. ಹೆಬ್ಬೆಟ್ಟಿನ ಗುರುತಿಗೆ ಬೆಲೆ ಬರುವುದು ಮೂಲದಲ್ಲೇ.

7. ಯಾರದು, ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಳಗಿಡಿ. ಈ ಚೀಟಿ ಇಲ್ಲದಿದ್ದರೆ ನಮ್ಮ ಮೊಮ್ಮಕ್ಕಳಿಗೆ ಅದು ಮತ್ತೆ ಕಸವೇ.

ಇನ್ನೊಂದು ಸೂಕ್ಷ್ಮದ ಮಾತಿದೆ. ಮೇಷ್ಟ್ರ ಟ್ರಂಕಿನಲ್ಲಿ, ಊರ ಹೆಂಗಸರು ಹೇಳಿ ಬರೆಸಿ ಆಮೇಲೆ ಕಳಿಸುವುದು ಬೇಡವೆಂದ ಕೆಲವು ಪತ್ರಗಳಿದ್ದವು. ಒಂದನ್ನು ಎರಡು ಸಾಲು ಓದಿ ಮಡಚಿಟ್ಟೆ. ಅದು ನನ್ನ ಕಣ್ಣಿಗೆ ಬರೆದದ್ದಲ್ಲ. ಅಂಥವನ್ನು ಆಯಾ ಮನೆಯವರಿಗೆ ಹಿಂದಿರುಗಿಸಿದ್ದೇನೆ. ಒಬ್ಬ ಮುದುಕಿ ತಮ್ಮ ಪತ್ರವನ್ನು ಓದಿಸಿ ಕೇಳಿ, ಅತ್ತು, ತಾವೇ ದೀಪಕ್ಕೆ ಹಿಡಿದರು. ಅದು ಅವರ ಹಕ್ಕು. ಊರ ಕಾಗದವನ್ನು ಉಳಿಸುವುದೆಂದರೆ ಊರ ಗುಟ್ಟನ್ನು ಬೀದಿಗೆ ತರುವುದೆಂದಲ್ಲ. ಮೇಷ್ಟ್ರು ಆ ಗುಟ್ಟುಗಳನ್ನು ಅಷ್ಟು ವರ್ಷ ಬಾಯಿಬಿಡದೆ ಇಟ್ಟುಕೊಂಡಿದ್ದರು ಎಂಬುದನ್ನು ಮರೆಯಬಾರದು.

ಸಂಘದ ಆಡಳಿತ ಮಂಡಲಿಯಲ್ಲಿ ನನ್ನದೊಂದು ವಿನಂತಿ. ನಮ್ಮ ಗೋದಾಮಿನ ಮೇಲಿನ ಕೋಣೆಯಲ್ಲಿ ಒಂದು ಕಬ್ಬಿಣದ ಬೀರುವನ್ನು ಇದಕ್ಕಾಗಿ ಬಿಟ್ಟುಕೊಡಬೇಕು. ಮನೆಯಲ್ಲಿ ಇಡಲಾರದವರು ತಮ್ಮ ಊರ ಮೇಷ್ಟ್ರು, ಪಟೇಲರು, ಹಳೆಯ ಕಾರ್ಯದರ್ಶಿಗಳ ಕಾಗದಗಳನ್ನು ಪಟ್ಟಿ ಮಾಡಿ, ರಸೀದಿ ಪಡೆದು ಅಲ್ಲಿಡಲಿ. ತೀರ ಮಹತ್ವದ್ದೆಂದು ಕಂಡುಬಂದರೆ ಬೆಂಗಳೂರಿನ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ ಇಲಾಖೆಯವರ ಸಲಹೆ ಕೇಳಬಹುದು. ಪತ್ರಾಗಾರ ದೂರವಾಯಿತು, ಬೀರು ಹತ್ತಿರ. ಮೊದಲು ಹತ್ತಿರದ್ದು ಆಗಲಿ. ಮೇಷ್ಟ್ರ ಟ್ರಂಕನ್ನು ಮೊದಲ ಠೇವಣಿಯಾಗಿ ತಂದುಕೊಡಲು ನಾನು ಸಿದ್ಧನಿದ್ದೇನೆ. ಅವರ ಮಗನ ಒಪ್ಪಿಗೆ ಪತ್ರ ತರಿಸಿಕೊಂಡಿದ್ದೇನೆ.

ಹಳ್ಳದ ನೀರಿನ ಸರದಿಯ ಬಗ್ಗೆ ಅಂಥದೇ ಕಾಗದ ಯಾರ ಮನೆಯಲ್ಲಾದರೂ ಇದ್ದೀತು. ಮೇಷ್ಟ್ರು ಯಾವುದನ್ನೂ ಒಂದೇ ಪ್ರತಿ ಬರೆಯುತ್ತಿರಲಿಲ್ಲ ಎಂದು ಅವರ ಶಿಷ್ಯರೊಬ್ಬರು ಮೊನ್ನೆ ಹೇಳಿದರು. ಅದನ್ನು ಕೇಳಿದಂದಿನಿಂದ ನಾನು ಊರಿನ ಮನೆಮನೆಗೆ ಹೋಗಿ ಅಟ್ಟ ಹತ್ತಿ ನೋಡುತ್ತಿದ್ದೇನೆ. ಈವರೆಗೆ ಒಂಬತ್ತು ಮನೆ ಆಗಿದೆ. ಮಳೆ ಹಿಡಿಯುವುದರೊಳಗೆ ಉಳಿದ ಮನೆಗಳನ್ನೂ ಮುಗಿಸಬೇಕು. ಸದಸ್ಯ ಬಾಂಧವರು ತಮ್ಮ ತಮ್ಮ ಅಟ್ಟವನ್ನೂ ಒಮ್ಮೆ ಹತ್ತಿ ನೋಡಬೇಕಾಗಿ ಪ್ರಾರ್ಥನೆ.